ಮೂರನೆಯ ಸಲ ಕರೆದಾಗ

ಸಾಗರ
ಭಾನುವಾರ ರಾತ್ರಿ

ಪುಟ್ಟಿಗೆ ಅಮ್ಮನ ಆಶೀರ್ವಾದಗಳು.

ಗುರುವಾರ ನಿಮ್ಮ ನಾಟಕ ತಂಡ ಧಾರವಾಡಕ್ಕೆ ಹೊರಡುತ್ತದೆಂದು ಚಿಕ್ಕಮ್ಮ ಹೇಳಿದಳು. ನೀನು ಹೇಳಲಿಲ್ಲ. ಹೇಳುವ ಹಾಗೆ ನಾನೂ ಇಟ್ಟುಕೊಂಡಿಲ್ಲ. ಫೋನಿನಲ್ಲಿ ಆಡಿದ್ದನ್ನೆಲ್ಲ ಮತ್ತೆ ಬರೆಯುವುದಿಲ್ಲ. ಬೆಂಗಳೂರಿನಲ್ಲಿ ನಿಮ್ಮ ನಾಟಕದ ನಡುವೆ ನಾನು ಎದ್ದು ಹೋದದ್ದು ಏಕೆಂದು ಮಾತ್ರ ಬರೆಯಬೇಕು.

ರಂಗಶಂಕರ ನಾಟಕಮಂದಿರದಲ್ಲಿ ಏಳೂವರೆ ದಾಟಿದರೆ ಒಳಗೆ ಬಿಡುವುದಿಲ್ಲ ಎಂದು ನೀನು ಹತ್ತು ಸಲ ಹೇಳಿದ್ದೆಯಲ್ಲ, ಆರೂವರೆಗೇ ಬಂದು ನಿಂತಿದ್ದೆ. ರಂಗದ ಮೇಲೆ ಒಂದು ಬೆಂಚು ಬಿಟ್ಟರೆ ಏನೂ ಇರಲಿಲ್ಲ. ನಾಲ್ವರು ಕುಳಿತು ಪಾದ ಆಡಿಸತೊಡಗಿದರು, ಒಬ್ಬಳು ನಾಲಿಗೆಯಲ್ಲಿ ಟಕಟಕ ಎನ್ನಿಸಿದಳು. ನನ್ನ ಹೊಲಿಗೆ ಮೆಷಿನ್ ಅಲ್ಲಿ ಬಂದು ಕುಳಿತಿತು! ನಾಟಕದ ನಿರ್ದೇಶಕ ಬಿ.ವಿ. ಕಾರಂತರು ಕೈಗೆ ಸಿಕ್ಕಿದ್ದರಲ್ಲೆಲ್ಲ ಸಂಗೀತ ಹೊರಡಿಸುತ್ತಿದ್ದರೆಂದು ನೀನು ಹೇಳಿದ್ದು ಆಗ ಅರ್ಥವಾಯಿತು. ಎಷ್ಟು ಹೆಮ್ಮೆಯಾಯಿತೆಂದರೆ ಪಕ್ಕದವರಿಗೆ ಹೇಳಬೇಕೆನ್ನಿಸಿತು. ಅಷ್ಟರಲ್ಲಿ ಹಿಂದಿನಿಂದ ನಿನ್ನ ದನಿ ಬಂತು, "ಅಮ್ಮಾ". ಒಂದು ಸಲ. ಎರಡು ಸಲ. ಮೂರು ಸಲ. ಮೆಷಿನ್ ನಿಲ್ಲಲಿಲ್ಲ.

ಮೆಷಿನ್ ನಿಂತಿತ್ತು ಪುಟ್ಟಿ. ಹದಿನೆಂಟು ವರ್ಷ ನಾನು ಹಾಗೆಂದೇ ನಂಬಿಕೊಂಡಿದ್ದೆ.

2007ರ ಜೂನ್. ತಗಡಿನ ಮೇಲೆ ಮಳೆ ಸುರಿಯುತ್ತಿತ್ತು. ಕರೆಂಟು ಹೋಗಿತ್ತು. ಬೆಳಿಗ್ಗೆ ಐದಕ್ಕೆ ಮದುವೆ ಮನೆಯವರು ಬರುವವರು, ಆರು ಬ್ಲೌಸುಗಳಲ್ಲಿ ಎರಡಕ್ಕೆ ತೋಳು ಕೂಡಿಸುವುದು ಬಾಕಿ. ನಿನ್ನ ಹಣೆಗೆ ಒದ್ದೆ ಬಟ್ಟೆ ಹಾಕಿ ಬಂದು ಮೆಷಿನ್ ತುಳಿಯುತ್ತಿದ್ದೆ. ನೀನು ಕರೆದೆ. ಕೇಳಿಸಿದ ಕೂಡಲೇ ಎದ್ದೆ ಎಂದೇ ಎಲ್ಲರಿಗೂ ಹೇಳಿದ್ದೇನೆ, ಡಾಕ್ಟರಿಗೂ ಅದನ್ನೇ ಹೇಳಿದ್ದೆ.

ಬೆಂಗಳೂರಿನಿಂದ ಬಂದ ಮೇಲೆ ನಿದ್ದೆ ಹತ್ತಲಿಲ್ಲ. ಮೊನ್ನೆ ಜೋರು ಮಳೆ ಬಂದಾಗ, ಕಾಜಾ ಮಾಡಲು ಬರುವ ಹುಡುಗಿಯನ್ನು ಒಳಕೋಣೆಯಲ್ಲಿ ಮಲಗಿಸಿ, ಮೆಲ್ಲಗೆ "ಅಮ್ಮಾ" ಎಂದು ಮೂರು ಸಲ ಕರೆ ಎಂದೆ. ಅದೇ ಮೆಷಿನ್, ಅದೇ ಜಾಗ. ಮೊದಲನೆಯದು ಕೇಳಿಸಲಿಲ್ಲ, ಆಣೆಗೂ ಕೇಳಿಸಲಿಲ್ಲ. ಎರಡನೆಯದು ಕೇಳಿಸಿತು. ಕೇಳಿಸಿದ ಕ್ಷಣ ಆ ರಾತ್ರಿ ಕೈಯಲ್ಲಿದ್ದ ಬಟ್ಟೆ ಕಣ್ಣೆದುರು ಬಂತು. ಹಸಿರು ರೇಷ್ಮೆ, ಎಡಗಡೆಯ ತೋಳು, ಇನ್ನು ಒಂದು ಗೇಣು ಉಳಿದಿತ್ತು. ಆ ಗೇಣು ಮುಗಿಸಿ ದಾರ ಕತ್ತರಿಸಿಯೇ ಎದ್ದೆ. ನಾನು ಬರುವಷ್ಟರಲ್ಲಿ ನಿನ್ನ ಕಣ್ಣು ಮೇಲಾಗಿತ್ತು.

ಒಂದು ಗೇಣು ಹೊಲಿಗೆಗೆ ಎಷ್ಟು ಹೊತ್ತು ಬೇಕು? ಮತ್ತೆ ಮತ್ತೆ ತುಳಿದು ನೋಡಿದ್ದೇನೆ. ಇಪ್ಪತ್ತು ಎಣಿಸುವುದರೊಳಗೆ ಮುಗಿಯುತ್ತದೆ. ರೇಷ್ಮೆಯಾದರೆ ಸ್ವಲ್ಪ ಹೆಚ್ಚು. ಅಷ್ಟು ಹೊತ್ತು ನೀನು ಕತ್ತಲಲ್ಲಿ ಒಬ್ಬಳೇ ಇದ್ದೆ. ಕ್ಷಮಿಸು.

ನಾಟಕ ಕಟ್ಟುವಾಗ ಒಬ್ಬರು ಒಂದು ನೆನಪು ತರುತ್ತಾರೆ, ಉಳಿದವರು ಆಡಿ ನೋಡುತ್ತಾರೆ, ಹತ್ತರಲ್ಲಿ ಒಂಬತ್ತನ್ನು ಬಿಡುತ್ತೇವೆ ಎಂದು ನೀನು ಹೇಳಿದ್ದೆ. ಇಷ್ಟು ವರ್ಷಗಳ ಅಮ್ಮನಲ್ಲಿ ಉಳಿದದ್ದು ಇದೊಂದೇ ಆಯಿತಲ್ಲ ಎಂಬ ನೋವು ಇನ್ನೂ ಇದೆ, ಸುಳ್ಳು ಹೇಳುವುದಿಲ್ಲ. ಆದರೂ ಪಕ್ಕದ ಮನೆಯವರು "ಪುಸ್ತಕವೇ ಇಲ್ಲದೆ ಅದೆಂಥ ನಾಟಕ" ಎಂದಾಗ ನಿನ್ನ ಪರವಾಗಿಯೇ ಮಾತಾಡಿದೆ. ತಾಳಮದ್ದಳೆಯಲ್ಲಿ ಪಾತ್ರವಾಗಿ ಮಾತಾಡುವ ಅರ್ಥಧಾರಿಗಳು ಪುಸ್ತಕ ನೋಡಿ ಮಾತಾಡುತ್ತಾರೆಯೇ ಎಂದು ಕೇಳಿದೆ. ಸುಮ್ಮನಾದರು.

ಅರ್ಥಧಾರಿಗಳ ಬೆನ್ನಿಗೆ ಪ್ರಸಂಗದ ಪದ್ಯವಾದರೂ ಇರುತ್ತದೆ. ನಿಮಗೆ ಅದೂ ಇಲ್ಲ. 1985ರಲ್ಲಿ ಹೆಗ್ಗೋಡಿನ ನೀನಾಸಂನವರು ಊರೂರಿಗೆ ನಾಟಕ ಒಯ್ಯುವ ತಿರುಗಾಟ ಶುರುಮಾಡಿದಾಗ ನಾನು ಹೈಸ್ಕೂಲಿನಲ್ಲಿದ್ದೆ. ಅವರ ಕೈಯಲ್ಲಿ ಶೇಕ್ಸ್‌ಪಿಯರ್, ಸಂಸ್ಕೃತ ನಾಟಕಗಳಿದ್ದವು, ಹಿಂದೆ 1949ರಿಂದ ನಡೆದು ಬಂದ ಸಂಸ್ಥೆಯಿತ್ತು. ನಿಮ್ಮದು ಎಂಟು ಜನ, ಒಂದು ಬಾಡಿಗೆ ವ್ಯಾನು. ಅದಕ್ಕೇ ಹೇಳುತ್ತೇನೆ, ಪ್ರತಿ ಪ್ರದರ್ಶನದ ಲೆಕ್ಕ ಅವತ್ತೇ ಬರೆದಿಡಿ. ಎಂಟು ಜನ ಸೇರಿ ಕಟ್ಟಿದ ನಾಟಕ ಯಾರದು, ನಾಳೆ ಒಬ್ಬರು ಬಿಟ್ಟು ಹೋದರೆ ಅವರ ಪಾಲೇನು, ಎಲ್ಲವನ್ನೂ ಕಾಗದದ ಮೇಲೆ ಹಾಕಿ ಸಹಿ ಮಾಡಿಕೊಳ್ಳಿ. ಸ್ನೇಹವಿದೆ ಎಂದು ಬಿಡಬೇಡ, ಸ್ನೇಹ ಇರುವಾಗಲೇ ಬರೆದುಕೊಳ್ಳಬೇಕು. ರಾತ್ರಿ ನಾಟಕ ಮುಗಿಸಿ ಅದೇ ರಾತ್ರಿ ಘಟ್ಟ ಇಳಿಯಬೇಡಿ. ಅಪ್ಪ ಕುಡಿದು ಬರುವ ಕಥೆ ತಂದ ಆ ಹುಡುಗ ಮನೆಯಲ್ಲಿ ಕೇಳಿದ್ದಾನೆಯೇ? ನನ್ನನ್ನು ನೀನು ಕೇಳಲಿಲ್ಲ. ಕೇಳಿದ್ದರೆ ಬೇಡ ಎನ್ನುತ್ತಿದ್ದೆ, ಅದೂ ನಿಜ. ಆದರೂ ಕೇಳಬೇಕಿತ್ತು. ಬ್ಲೌಸಿಗೂ ಒಳಗೆ ಒಂದಿಷ್ಟು ಬಟ್ಟೆ ಬಿಟ್ಟು ಹೊಲಿಯುತ್ತೇವೆ, ಬಿಚ್ಚಬೇಕಾದಾಗ ಬೇಕಾಗುತ್ತದೆಂದು.

ಹೊಟ್ಟೆಗೆ ಸರಿಯಾಗಿ ತಿನ್ನು. ನಿನ್ನ ಮುಖ ಇಳಿದಿತ್ತು.

ಆ ದೃಶ್ಯವನ್ನು ತೆಗೆಯಬೇಡ. ಮೆಷಿನ್ ನಿಲ್ಲಿಸಬೇಕೆಂದೂ ಹೇಳುವುದಿಲ್ಲ, ಅದು ನಿಮಗೆ ಬಿಟ್ಟದ್ದು. ಆದರೆ ನಿನ್ನ ಗೆಳೆಯರು ಪಾದವನ್ನು ನೆಲಕ್ಕೆ ಬಡಿಯುತ್ತಾರೆ, ಮೆಷಿನ್ ಹಾಗೆ ತುಳಿಯುವುದಿಲ್ಲ. ಬೆರಳ ಕಡೆಗೊಮ್ಮೆ, ಹಿಮ್ಮಡಿಯ ಕಡೆಗೊಮ್ಮೆ ಭಾರ ಹೋಗಬೇಕು, ಪಾದ ಪೆಡಲು ಬಿಟ್ಟು ಮೇಲೇಳಬಾರದು. ಧಾರವಾಡದಿಂದ ಬರುವಾಗ ಎಂಟೂ ಜನ ಇಲ್ಲಿ ಇಳಿಯಿರಿ. ಒಬ್ಬೊಬ್ಬರನ್ನೇ ಕೂರಿಸಿ ತುಳಿಸುತ್ತೇನೆ.

ನಿನ್ನ
ಅಮ್ಮ