ಅರ್ಥವಾಗದ್ದಕ್ಕೆಲ್ಲ ಸುಣ್ಣ ಬಳಿಯುವುದಾದರೆ...

ಮಾನ್ಯ ಸಂಪಾದಕರೇ,

ನಮ್ಮ ಪಾರ್ಕಿನ ಗೋಡೆಯಲ್ಲಿದ್ದ ಅಮೂರ್ತ ಚಿತ್ರಕ್ಕೆ, ಅಂದರೆ ಇಂಥದೇ ವಸ್ತು ಅಂತಿಲ್ಲದೆ ಬರೀ ಬಣ್ಣ ಆಕಾರಗಳಲ್ಲಿ ಬರೆದ ಚಿತ್ರಕ್ಕೆ, ಸುಣ್ಣ ಬಳಿದ ಸುದ್ದಿ ನಿನ್ನೆ ನಿಮ್ಮ ಪತ್ರಿಕೆಯಲ್ಲಿ ಫೋಟೊ ಸಮೇತ ಬಂದಿದೆ. ಸಂತೋಷ. ಆದರೆ ಕೊನೆಯಲ್ಲಿ ಎಂಜಿನಿಯರ್ ಸಾಹೇಬರು ಕೊಟ್ಟ ಹೇಳಿಕೆ ಓದಿ ಕಾಫಿ ಗಂಟಲಲ್ಲಿ ಇಳಿಯಲಿಲ್ಲ. "ತಲೆಬುಡ ಅರ್ಥವಾಗದ ವಿದೇಶಿ ಗೀಚಾಟ. ಗೋಡೆ ಅಂದಗೆಟ್ಟಿತ್ತು, ಸ್ವಚ್ಛ ಮಾಡಿಸಿದ್ದೇವೆ" ಅಂತೆ. ಸ್ವಚ್ಛ! ಸಾಹೇಬರು ನಮ್ಮ ಗೇಟಿನ ಮುಂದೆ ನಿಂತು, ಮೂಗು ಮುಚ್ಚಿಕೊಳ್ಳದೆ ಈ ಮಾತು ಹೇಳಲಿ ನೋಡೋಣ.

ಆ ಗೋಡೆಯಲ್ಲಿ ಮೊದಲು ಏನಿತ್ತು ಅಂತ ಬಡಾವಣೆಯವರಿಗೆಲ್ಲ ಗೊತ್ತು. ಮೇಲೆ ಮೂಲವ್ಯಾಧಿ ಚಿಕಿತ್ಸೆಯ ಪೋಸ್ಟರು, ಕೆಳಗೆ ಸಾಲಾಗಿ ನಿಲ್ಲುವ ಗಂಡಸರು. ದೇವರ ಟೈಲ್ಸ್ ಅಂಟಿಸಿದ್ದೂ ಆಯಿತು. ಭಕ್ತರು ಟೈಲ್ಸ್ ಬಿಟ್ಟು ನಾಲ್ಕಡಿ ಪಕ್ಕಕ್ಕೆ ಸರಿದು ನಿಂತರು, ಅಷ್ಟೇ. ಆಮೇಲೆ ಚಿತ್ರಕಲೆ ಓದುವ ಮಕ್ಕಳು ಬಂದರು. ಬಣ್ಣಕ್ಕೆ ತಾವೇ ಚಂದಾ ಎತ್ತಿದ್ದರು. ಗೋಡೆಯಲ್ಲಿ ಮೇಲಿಂದ ಕೆಳಕ್ಕೆ ಒಂದು ಬಿರುಕಿದೆ. ಒಬ್ಬ ಹುಡುಗಿ ಅದನ್ನು ಮೆತ್ತಿ ಮುಚ್ಚಲಿಲ್ಲ. ಅದರ ಗುಂಟವೇ ತೆಳ್ಳಗೆ ಕೆಂಪು ಎಳೆದಳು. ಎಡಕ್ಕೆ ಗಾಢ ನೀಲಿ, ಬಲಕ್ಕೆ ಹಳದಿ. ನೀರಿಳಿದು ಪಾಚಿ ಕಟ್ಟಿದ ಜಾಗವನ್ನು ಹಾಗೇ ಬಿಟ್ಟು ಸುತ್ತಲೂ ಬೂದು ಚೌಕಗಳನ್ನು ಕೂರಿಸಿದಳು. ಸಂಜೆ ಹೊಂಗೆ ಮರದ ನೆರಳು ಬಿದ್ದಾಗ ನೀಲಿ ಹಿಂದಕ್ಕೆ ಸರಿದು ಹಳದಿ ರಸ್ತೆಗೇ ಇಳಿದು ಬಂದ ಹಾಗೆ ಕಾಣುತ್ತಿತ್ತು. ಹಳದಿ ನೋಡುವವನ ಕಡೆಗೆ ಬರುತ್ತದೆ, ನೀಲಿ ದೂರ ಹೋಗುತ್ತದೆ ಅಂತ ರಷ್ಯಾದ ಚಿತ್ರಕಾರ ಕ್ಯಾಂಡಿನ್‌ಸ್ಕಿ 1911ರಲ್ಲೇ ಬರೆದಿದ್ದ. ಆ ಹುಡುಗಿ ಅದನ್ನು ನಮ್ಮ ಪಾರ್ಕಿನ ಗೋಡೆಯಲ್ಲಿ ಮಾಡಿ ತೋರಿಸಿದಳು. ಪೋಸ್ಟರ್ ನಿಂತಿತು, ಗಂಡಸರೂ ನಿಲ್ಲುವುದನ್ನು ಬಿಟ್ಟರು. ಯಾಕೆ ಅಂತ ನನ್ನನ್ನು ಕೇಳಬೇಡಿ.

ಈಗ ಸುಣ್ಣದ ಮಾತು. ನಮಗೊಂದು ಮಾತು ಹೇಳದೆ ಬೆಳಬೆಳಗ್ಗೆ ಬಂದು ರಪರಪ ಬಳಿದರು. ನನ್ನ ಸ್ಕೂಟರಿನ ಸೀಟಿನ ಮೇಲೆ ಸುಣ್ಣ. ಗೇಟಿನ ಮೇಲೆ ಸುಣ್ಣ. ಮನೆಯವಳು ಕಾಂಪೌಂಡಿನ ಮೇಲೆ ಪಂಚೆ ಹಾಸಿ ಒಣಗಿಸಿದ್ದ ಸಂಡಿಗೆಯ ಮೇಲೂ ಸುಣ್ಣ. ಕೇಳಿದರೆ "ಮೇಲಿನವರ ಆರ್ಡರ್ ಸಾರ್". ಇನ್ನೊಂದು ತಲೆನೋವು ಕೇಳಿ. ನಮ್ಮ ಮನೆಗೆ ಗ್ಯಾಸ್ ತರುವವನಿಗೆ, ಕೊರಿಯರ್ ಹುಡುಗನಿಗೆ, ಆಟೊದವನಿಗೆ ಎಲ್ಲರಿಗೂ ಒಂದೇ ವಿಳಾಸ ಇತ್ತು: ನೀಲಿ ಗೋಡೆ ಎದುರು. ಈಗ ಫೋನ್ ಹಿಡಿದು ರಸ್ತೆಗೆ ಬಂದು ಕೈ ಬೀಸಬೇಕು. ಎಲ್ಲ ಗೋಡೆಯೂ ಬಿಳಿ. ಯಾವ ಗೋಡೆ ಅಂತ ಹೇಳಲಿ? ಮಂಡಿ ನೋವು ಬೇರೆ. ಗಂಡಸರಂತೂ ಸುಣ್ಣ ಒಣಗುವವರೆಗೂ ಕಾಯಲಿಲ್ಲ, ಹಳೇ ಜಾಗಕ್ಕೇ ಬಂದು ನಿಂತಿದ್ದಾರೆ.

ಹೋಗಲಿ, ಸಾಹೇಬರ ಮಾತಿಗೇ ಬರೋಣ. ಅರ್ಥವಾಗಲಿಲ್ಲ ಅಂತ ತಾನೇ ಕಂಪ್ಲೇಂಟು? ಅದೇ ಕ್ಯಾಂಡಿನ್‌ಸ್ಕಿಗೂ ಒಮ್ಮೆ ಹೀಗೇ ಆಗಿತ್ತು. ಅವನು ಕಾನೂನು ಓದಿದವನು. ಮಾಸ್ಕೋದಲ್ಲಿ ಫ್ರಾನ್ಸಿನ ಮೊನೆ ಎಂಬ ಚಿತ್ರಕಾರ ಬರೆದ ಹುಲ್ಲಿನ ಬಣವೆಯ ಚಿತ್ರ ನೋಡಿದ. ಅದು ಬಣವೆ ಅಂತಲೇ ಗೊತ್ತಾಗಲಿಲ್ಲ, ಕ್ಯಾಟಲಾಗ್ ನೋಡಬೇಕಾಯಿತು. ಹೀಗೆಲ್ಲ ಬರೆಯಲು ಇವನಿಗೇನು ಹಕ್ಕು ಅಂತ ಕಿರಿಕಿರಿಯೂ ಆಯಿತು. ಆದರೆ ಚಿತ್ರ ತಲೆಯಿಂದ ಹೋಗಲೇ ಇಲ್ಲ. ವಸ್ತು ಗೊತ್ತಾಗದೆಯೂ ಬಣ್ಣ ಇಷ್ಟು ಕಾಡುತ್ತದಲ್ಲ ಅನ್ನುವ ಆ ಪೇಚಾಟವನ್ನು ಮುಂದೆ ಅವನೇ ಬರೆದುಕೊಂಡಿದ್ದಾನೆ. 1896ರಲ್ಲಿ, ಮೂವತ್ತನೇ ವಯಸ್ಸಿನಲ್ಲಿ, ಕೈಗೆ ಬಂದ ಪ್ರೊಫೆಸರ್ ಕೆಲಸ ಬಿಟ್ಟು ಚಿತ್ರ ಕಲಿಯಲು ಮ್ಯೂನಿಕ್‌ಗೆ ಹೊರಟ. ಅವನ ಕೈಯಲ್ಲಿ ಸುಣ್ಣದ ಬಕೆಟ್ ಇರಲಿಲ್ಲ, ಅದೊಂದು ಪುಣ್ಯ.

ಇನ್ನು ವಿದೇಶಿ ಅನ್ನುವ ಮಾತು. ಸ್ವೀಡನ್ನಿನ ಹಿಲ್ಮಾ ಆಫ್ ಕ್ಲಿಂಟ್ ಎಂಬ ಹೆಣ್ಣುಮಗಳು 1906ರಲ್ಲೇ, ಕ್ಯಾಂಡಿನ್‌ಸ್ಕಿಗಿಂತ ಮೊದಲೇ, ಇಂಥ ಚಿತ್ರ ಶುರು ಮಾಡಿದ್ದಳು. ನಾನು ಸತ್ತು ಇಪ್ಪತ್ತು ವರ್ಷ ಆಗುವ ತನಕ ಯಾರಿಗೂ ತೋರಿಸಬೇಡಿ ಅಂದಿದ್ದಳು. ಜಾಣೆ, ಎಂಜಿನಿಯರುಗಳ ವಿಷಯ ಗೊತ್ತಿತ್ತು ಅಂತ ಕಾಣುತ್ತದೆ. ಆಕೆ, ಕ್ಯಾಂಡಿನ್‌ಸ್ಕಿ, ಹಾಲೆಂಡಿನ ಚಿತ್ರಕಾರ ಮಾಂಡ್ರಿಯನ್ ಮೂವರೂ ಥಿಯಾಸಫಿ ಅನ್ನುವ ಬ್ರಹ್ಮವಿದ್ಯೆಯ ಪಂಥ ಹಚ್ಚಿಕೊಂಡವರು. ಮಾಂಡ್ರಿಯನ್ ಅಂತೂ 1909ರಲ್ಲಿ ಆ ಸೊಸೈಟಿಯ ಸದಸ್ಯನೇ ಆದ. ಆ ಸೊಸೈಟಿಯ ಮುಖ್ಯ ಕಚೇರಿ ಎಲ್ಲಿದೆ? ಪ್ಯಾರಿಸ್ಸಿನಲ್ಲಲ್ಲ ಸ್ವಾಮಿ, ನಮ್ಮ ಪಕ್ಕದ ಮದ್ರಾಸಿನ ಅಡ್ಯಾರಿನಲ್ಲಿ. ಕಣ್ಣಿಗೆ ಕಾಣುವುದರ ಆಚೆ ಇನ್ನೇನೋ ಇದೆ ಅನ್ನುವ ನಮ್ಮ ಕಡೆಯ ಮಾತುಗಳು ಅಲ್ಲಿಂದಲೂ ಯುರೋಪಿಗೆ ಹೋದವು. ಅದೂ ಬೇಡ. ಬೆಳಗ್ಗೆ ಸಾಹೇಬರ ಮನೆ ಮುಂದೆ ಚುಕ್ಕಿ ಇಟ್ಟು ಎಳೆ ಎಳೆಯುತ್ತಾರಲ್ಲ, ಆ ರಂಗೋಲಿ ಯಾವ ವಸ್ತುವಿನ ಚಿತ್ರ? ಅರ್ಥ ಬರೆದುಕೊಟ್ಟ ಮೇಲೇ ದಾಟುತ್ತಾರಾ? ರಾಮನವಮಿಯ ಕಛೇರಿಯಲ್ಲಿ ಅರ್ಧ ಗಂಟೆ ಆಲಾಪನೆ ನಡೆಯುತ್ತದೆ. ಒಂದು ಪದ ಇರುವುದಿಲ್ಲ, ಆದರೂ ತಲೆ ತೂಗುತ್ತೇವೆ. ಆ ನೀಲಿ ಹಳದಿ ನೋಡುತ್ತ ನಿಂತಾಗಲೂ ನನಗೆ ಆಗುತ್ತಿದ್ದುದು ಅದೇ. ನಮ್ಮ ಹೂ ಮಾರುವ ಅಕ್ಕ ಬುಟ್ಟಿ ಇಳಿಸುವ ಜಾಗವನ್ನೇ ಹಳದಿಯ ಕಡೆಗೆ ಬದಲಾಯಿಸಿದ್ದರು. "ಇಲ್ಲಿ ಕೂತರೆ ಮನಸ್ಸಿಗೆ ಹಗುರ ಅನ್ಸುತ್ತೆ ಕಣಣ್ಣ" ಅನ್ನುತ್ತಿದ್ದರು. ಅವರು ಯಾವ ಆರ್ಟ್ ಗ್ಯಾಲರಿಯನ್ನೂ ನೋಡಿದವರಲ್ಲ.

ಅಧಿಕಾರಿಗಳಿಗೆ ಇದೆಲ್ಲ ತಲೆಗೆ ಹೋಗದಿರುವುದು ಹೊಸದೇನಲ್ಲ. 1926ರಲ್ಲಿ ಬ್ರಾಂಕುಸಿ ಎಂಬ ಶಿಲ್ಪಿಯ ಕಂಚಿನ ಹಕ್ಕಿ ನ್ಯೂಯಾರ್ಕಿಗೆ ಹಡಗಿನಲ್ಲಿ ಬಂತು. ರೆಕ್ಕೆ ಇಲ್ಲ, ಪುಕ್ಕ ಇಲ್ಲ, ಕೊಕ್ಕೂ ಇಲ್ಲ. ಮೇಲಕ್ಕೆ ಚಿಮ್ಮಿದ ಒಂದೇ ಒಂದು ಹೊಳಪಿನ ಆಕಾರ. ಕಲಾಕೃತಿಗೆ ಸುಂಕ ಇರಲಿಲ್ಲ. ಆದರೆ ಇದು ಕಲೆಯೇ ಅಲ್ಲ ಅಂತ ಕಸ್ಟಮ್ಸ್‌ನವರು ಅದನ್ನು ಯಾವ ಪಟ್ಟಿಗೆ ಸೇರಿಸಿದರು ಗೊತ್ತೇ? ಅಡುಗೆ ಪಾತ್ರೆ ಮತ್ತು ಆಸ್ಪತ್ರೆ ಸಾಮಾನು! ಶೇ 40ರಷ್ಟು ಸುಂಕ ಜಡಿದರು. ಕೇಸು ಕೋರ್ಟಿಗೆ ಹೋಯಿತು. ಕಾಡಿನಲ್ಲಿ ಇದನ್ನು ಕಂಡರೆ ಹಕ್ಕಿ ಅಂತ ಗುಂಡು ಹೊಡೆಯುತ್ತೀರಾ ಅಂತ ಸಾಕ್ಷಿಗೆ ಪ್ರಶ್ನೆ. ಇಲ್ಲ ಅಂದ ಸಾಕ್ಷಿ. ಆದರೂ 1928ರಲ್ಲಿ ಕೋರ್ಟು ಇದು ಕಲೆಯೇ ಅಂತ ತೀರ್ಪು ಕೊಟ್ಟಿತು. ವಸ್ತುವನ್ನು ಇದ್ದ ಹಾಗೇ ತೋರಿಸದೆ ಅದರ ಭಾವವನ್ನು ತೋರಿಸುವ ಹೊಸ ಕಲೆಯೊಂದು ಹುಟ್ಟಿದೆ, ಇಷ್ಟವಾಗಲಿ ಬಿಡಲಿ ಅದನ್ನು ಲೆಕ್ಕಕ್ಕೆ ತಗೋಬೇಕು ಅಂತ ಒಪ್ಪಿಕೊಂಡಿತು. ಅವರು ಕೇಸಾದರೂ ನಡೆಸಿದರು. ನಮ್ಮಲ್ಲಿ ನೋಟಿಸೂ ಇಲ್ಲ, ನೇರ ಬಕೆಟ್ಟು.

1937ರಲ್ಲಿ ಹಿಟ್ಲರನ ಸರ್ಕಾರ ಇಂಥ ಚಿತ್ರಗಳನ್ನೆಲ್ಲ ಕೆಟ್ಟ ಕಲೆ ಅಂತ ಮ್ಯೂನಿಕ್‌ನಲ್ಲಿ ಗೋಡೆಗೆ ನೇತುಹಾಕಿ ಅಣಕಿಸಿತು. ಕ್ಯಾಂಡಿನ್‌ಸ್ಕಿಯದೂ ಅದರಲ್ಲಿತ್ತು. ಸಾಹೇಬರನ್ನು ಅಲ್ಲಿಗೆ ಹೋಲಿಸುತ್ತಿಲ್ಲ. ಅವರಿಗೆ ಅಷ್ಟು ಕೆಲಸ ಮಾಡುವ ಉತ್ಸಾಹ ಎಲ್ಲಿದೆ?

"ನನ್ನ ಮಗನೂ ಇದನ್ನು ಬರೀತಾನೆ" ಅಂತ ಮಾಜಿ ಸದಸ್ಯರೊಬ್ಬರು ಹೇಳಿದ್ದೂ ವರದಿಯಲ್ಲಿದೆ. ಬರೆಯಲಿ, ಸಂತೋಷ. ನಮ್ಮ ದೇಶದವರೇ ಆದ ಗಾಯ್ತೊಂಡೆ ವರ್ಷಕ್ಕೆ ಐದಾರು ಚಿತ್ರ ಮಾತ್ರ ಮಾಡುತ್ತಿದ್ದರು. 2013ರಲ್ಲಿ ಮುಂಬೈ ಹರಾಜಿನಲ್ಲಿ ಅವರದೊಂದು ಚಿತ್ರ 23.7 ಕೋಟಿ ರೂಪಾಯಿಗೆ ಹೋಯಿತು. ಅವರು ಬಳಸುತ್ತಿದ್ದುದೂ ರೋಲರ್ರೇ. ನಮ್ಮ ಗೋಡೆಗೆ ಸುಣ್ಣ ಹೊಡೆದವರ ಕೈಲೂ ರೋಲರ್ ಇತ್ತು. ಇಪ್ಪತ್ತಮೂರು ಕೋಟಿ ಬೇಡ, ಸಂಡಿಗೆ ಹಿಟ್ಟಿನ ದುಡ್ಡು ಕೊಟ್ಟರೆ ಸಾಕು.

ಅಮೂರ್ತ ಚಿತ್ರದವರ ವಿರುದ್ಧವೂ ಒಂದು ಮಾತು ಹೇಳಿಬಿಡುತ್ತೇನೆ, ನ್ಯಾಯ ನ್ಯಾಯವೇ. ಮಾಂಡ್ರಿಯನ್ ಬಣ್ಣದ ಟೇಪು ಅಂಟಿಸಿ ಮಾಡಿದ ಒಂದು ಚಿತ್ರ 1945ರಿಂದಲೂ ಮ್ಯೂಸಿಯಮ್ಮುಗಳಲ್ಲಿ ತಲೆಕೆಳಗಾಗಿ ನೇತಾಡುತ್ತಿದೆ ಅಂತ 2022ರಲ್ಲಿ ಜರ್ಮನಿಯ ಒಬ್ಬ ಕ್ಯುರೇಟರ್ ಹೇಳಿದರು. ಟೇಪು ಹಳತಾಗಿದೆ, ತಿರುಗಿಸಿದರೆ ಕಿತ್ತು ಬರುತ್ತದೆ ಅಂತ ಹಾಗೇ ಬಿಟ್ಟರು. ನಗುವವರು ನಗಲಿ. ಆದರೆ ನಮ್ಮ ಎರಡನೇ ಕ್ರಾಸಿನ ನಾಮಫಲಕ ತಲೆಕೆಳಗಾಗಿ ನಿಂತು ಎಷ್ಟು ಕಾಲವಾಯಿತು? ಅದರಲ್ಲಿ ಟೇಪೂ ಇಲ್ಲ, ಎರಡು ನಟ್ಟು ಬಿಚ್ಚಿದರೆ ಮುಗೀತು. ಅರ್ಜಿ ಕೊಟ್ಟರೆ ಅದು ಎಲೆಕ್ಟ್ರಿಕಲ್‌ನವರದ್ದು ಅನ್ನುತ್ತಾರೆ. ಎಲೆಕ್ಟ್ರಿಕಲ್‌ನವರು ಬೀದಿ ದೀಪವನ್ನೇ ನೋಡುತ್ತಿಲ್ಲ, ಹಗಲೆಲ್ಲ ಉರಿಯುತ್ತದೆ, ರಾತ್ರಿ ಇಲ್ಲ. ಯುಜಿಡಿ, ಅಂದರೆ ಒಳಚರಂಡಿ ಅಂತ ಅಗೆದ ಗುಂಡಿಗೆ ಮಣ್ಣು ಸುರಿದು ಹೋದರು, ಮಳೆಗೆ ಮಣ್ಣು ಇಳಿಯಿತು, ಈಗ ಗುಂಡಿಯೊಳಗೆ ಗುಂಡಿ. ಇ-ಖಾತಾದಲ್ಲಿ ನಮ್ಮ ತಂದೆಯ ಹೆಸರಿಗೆ ಬೇರೆ ಯಾರದೋ ಇನಿಷಿಯಲ್ ಹಾಕಿ ಕೂತಿದ್ದಾರೆ, ತಿದ್ದಿ ಅಂದರೆ ಸರ್ವರ್ ಡೌನ್. ಅದಕ್ಕೆಲ್ಲ ಸಿಬ್ಬಂದಿ ಇಲ್ಲ. ಮಕ್ಕಳ ಚಿತ್ರ ಅಳಿಸುವುದಕ್ಕೆ ಮಾತ್ರ ಒಂದು ಲಾರಿ ಜನ!

ಮಲೇವಿಚ್ ಎಂಬ ಚಿತ್ರಕಾರ 1915ರಲ್ಲಿ ಒಂದು ಕಪ್ಪು ಚೌಕ ಬರೆದು, ಪೆಟ್ರೊಗ್ರಾಡ್‌ನ ಪ್ರದರ್ಶನದಲ್ಲಿ, ರಷ್ಯನ್ನರು ಮನೆಯಲ್ಲಿ ದೇವರ ಪಟ ಇಡುವಂಥ ಮೂಲೆಯಲ್ಲಿ ಅದನ್ನು ತೂಗುಹಾಕಿದ. ಸಾಹೇಬರು ಇಡೀ ಗೋಡೆಯನ್ನೇ ಬಿಳಿ ಮಾಡಿ ಅವನನ್ನು ಮೀರಿಸಿದ್ದಾರೆ, ಅಭಿನಂದನೆ.

ಆದ್ದರಿಂದ ಆ ಮಕ್ಕಳನ್ನು ಕರೆಸಿ ಕ್ಷಮೆ ಕೇಳಿ ಮತ್ತೆ ಬರೆಸಬೇಕು. ಬೇಡ, ಮತ್ತೆ ಬರೆದರೆ ಮತ್ತೆ ಬಳಿಯುತ್ತೀರಿ. ಮೊದಲು ಗೋಡೆ ತೊಳೆಸಿ, ಅಲ್ಲಿ ನಿಲ್ಲುವವರಿಗೆ ದಂಡ ಹಾಕಿ. ಸುಣ್ಣದ ಬಿಲ್ ಎಷ್ಟಾಯಿತು, ಯಾರು ಸೈನ್ ಹಾಕಿದರು ಅಂತ ನಿಮ್ಮ ಪತ್ರಿಕೆಯಲ್ಲೇ ಹಾಕಿಸಿ. ಉಳಿದ ಸುಣ್ಣ ಇದ್ದರೆ ಸ್ಕೂಲ್ ಮುಂದಿನ ಹಂಪ್ಸ್‌ಗೆ ನಾಲ್ಕು ಪಟ್ಟೆಯಾದರೂ ಹೊಡೀರಿ, ಮೊನ್ನೆ ಹಾಲಿನವನು ಅಲ್ಲೇ ಬೈಕಿನಿಂದ ಬಿದ್ದ. ಸಂಬಳ ತಗೊಳ್ಳುವವರು ಅಷ್ಟಾದರೂ ಮಾಡಬೇಡವೇ? ನಾಚಿಕೆಯಾಗಬೇಕು.

ಇಂತಿ,
ನಿವೃತ್ತ ಡ್ರಾಯಿಂಗ್ ಮೇಷ್ಟ್ರು,
ಪಾರ್ಕಿನ ಎದುರು ಮನೆ