ಬೆನ್ನುಹುರಿಗೆ ಪೆಟ್ಟಾದವರಿಗೆ ಕಾಲು ನೀವಿದರಷ್ಟೇ ಸಾಲದು

ಮಾನ್ಯ ಸಂಪಾದಕರೇ,

ಅಡಿಕೆ ಮರದಿಂದ ಬಿದ್ದೋ, ರಸ್ತೆ ಅಪಘಾತದಲ್ಲೋ ಬೆನ್ನುಹುರಿಗೆ ಪೆಟ್ಟಾಗಿ ಕಾಲಿನ ಸ್ವಾಧೀನ ಕಳೆದುಕೊಂಡವರು ಮಲೆನಾಡಿನ ಹಳ್ಳಿಗಳಲ್ಲಿದ್ದಾರೆ. ಮನೆಯವರು ಬೆಳಿಗ್ಗೆ, ಸಂಜೆ ಅವರ ಕಾಲು ಮಡಚಿ, ಬಿಡಿಸಿ, ಎಣ್ಣೆ ನೀವುತ್ತಾರೆ. ಕೀಲು ಬಿಗಿಯದಿರಲು ಅದೂ ಬೇಕು. ಆದರೆ ಬೇರೆಯವರು ಕಾಲು ಆಡಿಸಿದರೆ ಹೃದಯಕ್ಕೆ ಕೆಲಸ ಸಿಗುವುದಿಲ್ಲ. ಸ್ನಾಯು ಕರಗಿ ಬೊಜ್ಜು ಸೇರುವ ಇವರಿಗೆ ಸಕ್ಕರೆ ಕಾಯಿಲೆ, ಹೃದ್ರೋಗದ ಅಪಾಯ ಉಳಿದವರಿಗಿಂತ ಹೆಚ್ಚು. ದುಡಿಸಬೇಕಾದದ್ದು ಸ್ವಾಧೀನದಲ್ಲಿರುವ ಕೈ, ಭುಜಗಳನ್ನು.

2018ರ ಅಂತರರಾಷ್ಟ್ರೀಯ ಮಾರ್ಗಸೂಚಿಯ ಪ್ರಕಾರ, ವಾರಕ್ಕೆ 2 ಸಲ ಕನಿಷ್ಠ 20 ನಿಮಿಷ ಉಸಿರು ಏರುವಂಥ ವ್ಯಾಯಾಮ ಮಾಡಬೇಕು. ಕೆಲಸ ಮಾಡುವ ಪ್ರತಿ ಮುಖ್ಯ ಸ್ನಾಯುವಿಗೂ ವಾರಕ್ಕೆ 2 ಸಲ, 3 ಸುತ್ತು ಶಕ್ತಿ ವ್ಯಾಯಾಮ ಕೊಡಬೇಕು. ಹೃದಯದ ಆರೋಗ್ಯಕ್ಕೂ ಅನುಕೂಲವಾಗಬೇಕಾದರೆ ಉಸಿರು ಏರುವ ವ್ಯಾಯಾಮ ಕನಿಷ್ಠ 30 ನಿಮಿಷ, ವಾರಕ್ಕೆ 3 ಸಲ. ಸಮತಟ್ಟಾದ ರಸ್ತೆಯಲ್ಲಿ ಗಾಲಿಕುರ್ಚಿ ಜೋರಾಗಿ ತಳ್ಳಿದರೂ ನಡೆಯುತ್ತದೆ. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ರಭಸ ಸಾಕು. ಪೆಟ್ಟು ಬೆನ್ನುಹುರಿಯ ಮೇಲ್ಭಾಗದಲ್ಲಿದ್ದರೆ ನಾಡಿ ಹೆಚ್ಚು ಏರುವುದೇ ಇಲ್ಲ, ಅದನ್ನು ಎಣಿಸಿ ಪ್ರಯೋಜನವಿಲ್ಲ.

ಶಕ್ತಿ ವ್ಯಾಯಾಮಕ್ಕೆ ರಬ್ಬರ್ ಪಟ್ಟಿಯನ್ನು ಕಿಟಕಿ ಸರಳಿಗೆ ಬಿಗಿದು, ಕುರ್ಚಿಯ ಬ್ರೇಕ್ ಹಾಕಿ, ಮೊಣಕೈ ಹಿಂದಕ್ಕೆ ಹೋಗುವಂತೆ ಎಳೆಯಬೇಕು. ಪ್ರತಿ ಸುತ್ತಿನಲ್ಲಿ 10 ಸಲ, ಕೊನೆಯ ಎರಡು ಕಷ್ಟವಾಗಬೇಕು. ಗಾಲಿ ತಳ್ಳಿ ತಳ್ಳಿ ಎದೆ, ಭುಜದ ಮುಂಭಾಗ ಬಿಗಿಯುವುದರಿಂದ ತಳ್ಳುವುದಕ್ಕಿಂತ ಎಳೆಯುವ ವ್ಯಾಯಾಮಕ್ಕೇ ಒತ್ತು ಕೊಡಬೇಕು. ಭುಜ ಕೆಟ್ಟರೆ ಹಾಸಿಗೆಯಿಂದ ಕುರ್ಚಿಗೆ ಹೋಗುವುದೂ ನಿಂತುಹೋಗುತ್ತದೆ.

ಎದೆಭಾಗದ 6ನೇ ಕಶೇರುಕ (ಬೆನ್ನುಮೂಳೆಯ ಮಣಿ) ಅಥವಾ ಅದಕ್ಕಿಂತ ಮೇಲೆ ಪೆಟ್ಟಾದವರು ವ್ಯಾಯಾಮಕ್ಕೆ ಮುನ್ನ ಮೂತ್ರ ಖಾಲಿ ಮಾಡಲೇಬೇಕು. ತುಂಬಿದ ಮೂತ್ರಕೋಶ, ಮಡಚಿದ ಕ್ಯಾತಿಟರ್ (ಮೂತ್ರ ಹೊರಬಿಡುವ ನಳಿಕೆ), ಬಿಗಿಯಾದ ಬೆಲ್ಟ್ ಇವುಗಳಲ್ಲಿ ಒಂದೇ ಸಾಕು, ಬಿಪಿ ದಿಢೀರ್ ಏರಬಹುದು. ತಲೆ ಸಿಡಿಯುತ್ತದೆ, ಮುಖ ಕೆಂಪಾಗುತ್ತದೆ, ಹಣೆ ಬೆವರುತ್ತದೆ. ಆಗ ಮಲಗಿಸಲೇಬಾರದು. ನೇರ ಕೂರಿಸಿ, ಬಟ್ಟೆ ಸಡಿಲಿಸಿ, ಕ್ಯಾತಿಟರ್ ನೋಡಿ. ಇಳಿಯದಿದ್ದರೆ ತಕ್ಷಣ ಆಸ್ಪತ್ರೆಗೆ. ಇವರ ಮಾಮೂಲಿ ಮೇಲಿನ ಬಿಪಿ 90–110 ಇರುವುದರಿಂದ 140 ಕಂಡಾಗ ಆಸ್ಪತ್ರೆಯವರು 'ಪರವಾಗಿಲ್ಲ' ಎಂದು ಕಳಿಸಿಬಿಡುವ ಅಪಾಯವಿದೆ. ಇವರಿಗೆ ಪೆಟ್ಟಿನ ಕೆಳಗೆ ಬೆವರೂ ಬಾರದು, ಹಾಗಾಗಿ ಬೇಸಿಗೆಯ ಮಧ್ಯಾಹ್ನ ವ್ಯಾಯಾಮ ಬೇಡ. ಒದ್ದೆ ಬಟ್ಟೆ ಕೈಗೆಟುಕುವಂತಿರಲಿ.

ಬಿಗಿದ ಮೊಣಕಾಲನ್ನು ಒತ್ತಿ ಬಗ್ಗಿಸುವುದಂತೂ ಬೇಡವೇ ಬೇಡ. ಓಡಾಟವಿಲ್ಲದೆ ಟೊಳ್ಳಾದ ತೊಡೆಮೂಳೆ ಮುರಿಯಬಹುದು, ನೋವಿಲ್ಲದ್ದರಿಂದ ಊದಿಕೊಂಡ ಮೇಲಷ್ಟೇ ಗೊತ್ತಾಗುತ್ತದೆ.

ಆಸ್ಪತ್ರೆಯಿಂದ ಮನೆಗೆ ಕಳಿಸುವಾಗ ಈ ಮಾಹಿತಿಯನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ ಕೊಡಲು ಆರೋಗ್ಯ ಇಲಾಖೆಗೆ ಎಷ್ಟು ಖರ್ಚಾದೀತು? ಗ್ರಾಮ ಪಂಚಾಯಿತಿಗಳಲ್ಲಿ ಅಂಗವಿಕಲರಿಗಾಗಿ ಇರುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿಗೆ ಪಿಂಚಣಿ ಅರ್ಜಿ ತುಂಬಿಸುವ ಕೆಲಸದ ಜೊತೆಗೆ ಇದನ್ನೂ ತಾಲ್ಲೂಕು ಆಸ್ಪತ್ರೆಯ ಫಿಸಿಯೋಥೆರಪಿಸ್ಟ್‌ಗಳಿಂದ ಕಲಿಸಬೇಕು.

– ಇಬ್ಬರು ಫಿಸಿಯೋಥೆರಪಿಸ್ಟ್‌ಗಳು, ಶಿವಮೊಗ್ಗ