ವಾಟರ್ ಕೂಲಿಂಗ್ ಟ್ಯೂಬ್ ಮಂಜಾಗಿರೋದು ಸವೆತ ಅಲ್ಲ, ನೀವು ಹಾಕಿರೋ ಮಾಲೇ ಸರಿ ಇಲ್ಲ – ಕ್ಲೋಸ್ ಮಾಡಿರೋ ಟಿಕೆಟ್ ಬಗ್ಗೆ ದೂರು

ಗೆ,
ಕಸ್ಟಮರ್ ಸಪೋರ್ಟ್ ಮತ್ತು ಗ್ರೀವೆನ್ಸ್ ಆಫೀಸರ್ ಅವರಿಗೆ

ವಿಷಯ: ನೀವು ಅಸೆಂಬಲ್ ಮಾಡಿ ಕಳ್ಸಿದ ಕಸ್ಟಮ್ ವಾಟರ್ ಕೂಲ್ಡ್ ಪಿಸಿಯಲ್ಲಿ ಟ್ಯೂಬ್ ಮಂಜಾಗಿ ಸಿಪಿಯು ಬ್ಲಾಕ್ ಕಟ್ಕೊಂಡಿರೋ ಬಗ್ಗೆ

ನಮಸ್ಕಾರ ಸರ್/ಮೇಡಂ,

ನನ್ನ ಟಿಕೆಟ್‌ಗೆ "ನಾರ್ಮಲ್ ವೇರ್ ಅಂಡ್ ಟೇರ್, ಕನ್ಸ್ಯೂಮಬಲ್ ಐಟಂ, ವಾರಂಟಿ ಬರಲ್ಲ" ಅಂತ ಒಂದೇ ಸಾಲು ಬರ್ದು ಕ್ಲೋಸ್ ಮಾಡಿದ್ದೀರಿ. ನಾನು ಒಪ್ಪಲ್ಲ. ಅದಕ್ಕೇ ಇಷ್ಟುದ್ದ ಬರೀತಿದ್ದೀನಿ, ದಯವಿಟ್ಟು ಅಟ್ಯಾಚ್ ಮಾಡಿರೋ ಫೋಟೋ ಮಾತ್ರ ನೋಡಿ ಬಿಡ್ಬೇಡಿ, ಪೂರ್ತಿ ಓದಿ, ಆಮೇಲೆ ಲೂಪ್ ಬಗ್ಗೆ ಗೊತ್ತಿರೋರ ಕೈಲಿ ಉತ್ತರ ಬರ್ಸಿ. (ಲೂಪ್ ಅಂದ್ರೆ ನೀರು ಸುತ್ತೋ ದಾರಿ: ನೀರಿನ ಟ್ಯಾಂಕ್ ಅಂದ್ರೆ ರಿಸರ್ವಾಯರ್, ಪಂಪ್, ಸಿಪಿಯು ಮೇಲೆ ಕೂತು ಶಾಖ ನೀರಿಗೆ ಕೊಡೋ ಬ್ಲಾಕ್, ಆ ನೀರು ಆರ್ಸೋ ರೇಡಿಯೇಟರ್, ಇವನ್ನ ಸೇರ್ಸೋ ಟ್ಯೂಬ್.)

ನಂದು ದಾವಣಗೆರೆ, ಮದುವೆ ವಿಡಿಯೋ ಎಡಿಟಿಂಗ್ ಕೆಲಸ. ಸೀಸನ್ ಬಂದ್ರೆ 4ಕೆ ರೆಂಡರ್ ರಾತ್ರಿಯೆಲ್ಲಾ ಓಡ್ತಾನೇ ಇರುತ್ತೆ, ಸೀಸನ್ ಅಂದ್ರೆ ಏಪ್ರಿಲ್ ಮೇ, ಅಂದ್ರೆ ಬೇಸಿಗೆ, ನಮ್ಮ ರೂಮ್ ಇರೋದು ಟೆರೇಸ್ ಕೆಳಗೆ, ಎಸಿ ಇಲ್ಲ. ಇದನ್ನೆಲ್ಲಾ ಆರ್ಡರ್ ಮಾಡೋ ಮುಂಚೆನೇ ನಿಮ್ಮ ಸೇಲ್ಸ್‌ನೋರಿಗೆ ವಾಟ್ಸಾಪಲ್ಲಿ ಹೇಳಿದ್ದೆ, ಊರಲ್ಲಿ 38 ಡಿಗ್ರಿ ಹೋಗುತ್ತೆ, ಮಿಷಿನ್ ಗಂಟೆಗಟ್ಟಲೆ ಫುಲ್ ಲೋಡಲ್ಲಿ ಇರುತ್ತೆ, ಯಾವ ಟ್ಯೂಬು, ಒಳಗೆ ಓಡೋಕೆ ಯಾವ ಕೂಲಂಟ್ ದ್ರವ ಹಾಕ್ತೀರಾ ಅಂತ ಕೇಳಿದ್ದೆ. ಬಂದ ಉತ್ತರ: "ಕ್ಲಿಯರ್ ಸಾಫ್ಟ್ ಟ್ಯೂಬ್, ವೈಟ್ ಪ್ಯಾಸ್ಟಲ್ ಕೂಲಂಟ್, ಎರಡು ವರ್ಷ ಮುಟ್ಟೋದೇ ಬೇಡ ಸರ್, ಲುಕ್ ಸೂಪರ್ ಇರುತ್ತೆ." ಸ್ಕ್ರೀನ್‌ಶಾಟ್ ಇದೆ, ಲಗತ್ತಿಸಿದ್ದೀನಿ. ಲುಕ್ ನಾನು ಕೇಳೇ ಇರ್ಲಿಲ್ಲ ಅನ್ನೋದೂ ಅದೇ ಸ್ಕ್ರೀನ್‌ಶಾಟಲ್ಲಿ ಕಾಣುತ್ತೆ.

ಎರಡು ವರ್ಷ ಎಲ್ಲಿಂದ ಬಂತು, ಮೊದಲ ಬೇಸಿಗೆನೇ ದಾಟಿಲ್ಲ. ಟ್ಯೂಬ್ ಒಳಗಡೆ ಎಲ್ಲಾ ಮಂಜು ಕಟ್ಟಿದೆ, ಬ್ಲಾಕ್ ಮೇಲಿರೋದು ಟ್ರಾನ್ಸ್‌ಪರೆಂಟ್ ಅಕ್ರಿಲಿಕ್ ಆಗಿರೋದ್ರಿಂದ ಬಿಚ್ಚದೇನೇ ಕಾಣುತ್ತೆ, ಒಳಗೆ ತೆಳು ಪಟ್ಟಿಗಳ ಥರ ಇರೋ ತಾಮ್ರದ ಫಿನ್‌ಗಳ ಮಧ್ಯ ಬಿಳಿ ಜಿಡ್ಡು ಕೂತಿದೆ. ಸಿಪಿಯು ಟೆಂಪರೇಚರ್ ಏರಿದೆ ಆದ್ರೆ ನೀರಿನ ಟೆಂಪರೇಚರ್ ಮುಂಚೆ ಎಷ್ಟಿತ್ತೋ ಅಷ್ಟೇ ಇದೆ, ಇದನ್ನ ಸ್ವಲ್ಪ ಗಮನಿಸಿ, ಯಾಕಂದ್ರೆ ನಿಮ್ಮ ಸಪೋರ್ಟ್‌ನೋರು ಫ್ಯಾನ್ ಕ್ಲೀನ್ ಮಾಡಿ, ರೇಡಿಯೇಟರ್ ಧೂಳು ಹೊಡೀರಿ ಅಂತ ಹೇಳ್ತಾನೇ ಇದ್ರು. ಧೂಳಿನ ಪ್ರಾಬ್ಲಂ ಆಗಿದ್ರೆ ನೀರೇ ಬಿಸಿ ಆಗ್ಬೇಕಿತ್ತು. ನೀರು ಹಾಗೇ ಇದ್ದು ನೀರಿಗೂ ಸಿಪಿಯುಗೂ ಮಧ್ಯ ಗ್ಯಾಪ್ ಜಾಸ್ತಿ ಆಗಿದೆ ಅಂದ್ರೆ ಶಾಖ ಬ್ಲಾಕಿಂದ ನೀರಿಗೆ ಸರಿಯಾಗಿ ಹೋಗ್ತಿಲ್ಲ ಅಂತ ಅರ್ಥ. ಥರ್ಮಲ್ ಪೇಸ್ಟ್ ಇರ್ಬಹುದು ಅಂತ ಅದನ್ನೂ ನಿಮ್ಮ ಟೆಕ್ನಿಷಿಯನ್ ವಿಡಿಯೋ ಕಾಲಲ್ಲಿ ಇದ್ದಾಗ್ಲೇ ಬದಲಾಯಿಸಿ ಆಯ್ತು, ಫರಕ್ ಬರ್ಲಿಲ್ಲ. ಇನ್ನೇನು ಉಳೀತು, ಫಿನ್ ಕಟ್ಕೊಂಡಿದೆ. ಆ ಫಿನ್‌ಗಳ ಮಧ್ಯ ಇರೋ ಸಂದಿ ಒಂದು ಮಿಲಿಮೀಟರ್ ಕೂಡ ಇರಲ್ಲ, ಎಲ್ಲಾ ಕಸಕ್ಕೂ ಅದೇ ಜರಡಿ.

ಈಗ ನೀವು ಹೇಳಿದ ಕಾರಣಗಳ ವಿಷಯಕ್ಕೆ ಬರ್ತೀನಿ. ಒಂದೊಂದು ಸಲ ಒಬ್ಬೊಬ್ರು ಒಂದೊಂದು ಹೇಳಿದ್ದಾರೆ.

ಮೊದಲನೇಯವ್ರು ಪಾಚಿ ಅಂದ್ರು. ಪಾಚಿ ಆಗಿದ್ರೆ ಹಸಿರೋ ಕಂದೋ ಬಣ್ಣ ಇರ್ಬೇಕಿತ್ತು, ಲೋಳೆ ಇರ್ಬೇಕಿತ್ತು, ರಿಸರ್ವಾಯರ್ ಮುಚ್ಚಳ ತೆಗೆದ್ರೆ ವಾಸನೆ ಬರ್ಬೇಕಿತ್ತು, ಇಲ್ಲಿ ಮೂರೂ ಇಲ್ಲ. ಆದ್ರೂ ಅವ್ರು ಕೊಟ್ಟ ಪರಿಹಾರ ಏನು ಗೊತ್ತಾ, ಲೂಪ್ ಒಳಗೆ ಬೆಳ್ಳಿ ಕಾಯಿಲ್ ಹಾಕ್ತೀವಿ, ಚಾರ್ಜ್ ಎಕ್ಸ್‌ಟ್ರಾ ಅಂತೆ. ನೀವೇ ಕಳ್ಸಿದ ಬ್ಲಾಕ್ ನಿಕಲ್ ಪ್ಲೇಟೆಡ್, ಅಂದ್ರೆ ತಾಮ್ರದ ಮೇಲೆ ನಿಕಲ್ ಲೇಪ, ನಿಕಲ್ ಜೊತೆ ಬೆಳ್ಳಿ ಬಳಸ್ಬೇಡಿ ಅಂತ ಬ್ಲಾಕ್ ಮಾಡೋ ಕಂಪನಿಗಳೇ ಹೇಳ್ತಾವೆ, ಪ್ಲೇಟಿಂಗ್ ಎದ್ದು ಬರುತ್ತೆ ಅಂತ. ಇಲ್ಲದ ಪಾಚಿ ಕೊಲ್ಲೋಕೆ ಇರೋ ಬ್ಲಾಕ್ ಹಾಳು ಮಾಡ್ಕೊಳ್ಳಿ ಅಂದಂಗಾಯ್ತು. ಪಾಚಿ ಭಯ ಇದ್ರೆ ಅದಕ್ಕೆ ಹನಿ ಲೆಕ್ಕದಲ್ಲಿ ಹಾಕೋ ಬಯೋಸೈಡ್ ಇದೆ, ಕೆಲವ್ರು ಕಾಪರ್ ಸಲ್ಫೇಟ್ ಹಾಕ್ತಾರೆ, ನಮ್ಮ ಚನ್ನಗಿರಿ ಕಡೆ ಅಡಿಕೆ ಕೊಳೆರೋಗಕ್ಕೆ ಬೋರ್ಡೋ ದ್ರಾವಣಕ್ಕೆ ಬೆರೆಸೋ ಮೈಲುತುತ್ತನೇ ಅದು, ಆದ್ರೆ ಲೂಪಲ್ಲಿ ಎಲ್ಲೂ ಅಲ್ಯೂಮಿನಿಯಂ ಇರ್ಬಾರ್ದು. ನಿಮ್ಮ ರೇಡಿಯೇಟರ್ ತಾಮ್ರದ್ದೋ ಅಲ್ಯೂಮಿನಿಯಂದೋ ಅಂತ ಬಿಲ್ಲಲ್ಲೂ ಇಲ್ಲ, ಕೇಳಿದ್ರೂ ಹೇಳಿಲ್ಲ. ಅದನ್ನೂ ಈಗ ಬರವಣಿಗೆಯಲ್ಲಿ ಕೊಡಿ.

ಎರಡನೇಯವ್ರು, ಕ್ಲಿಯರ್ ಟ್ಯೂಬ್ ನೀರು ಹೀರ್ಕೊಂಡು ಮಂಜಾಗೋದು ಸಹಜ ಅಂದ್ರು. ಇದು ಅರ್ಧ ನಿಜ, ಹಂಗಾಗೋದು ಇದೆ. ಆದ್ರೆ ಹಂಗಾದ ಟ್ಯೂಬ್ ಒಣಗಿಸಿದ್ರೆ ಮತ್ತೆ ತಿಳಿ ಆಗುತ್ತೆ. ನೀವು ಆಕ್ಸೆಸರಿ ಬಾಕ್ಸಲ್ಲಿ ಅದೇ ಟ್ಯೂಬಿನ ಒಂದು ಹೊಸ ತುಂಡು ಸ್ಪೇರ್ ಅಂತ ಇಟ್ಟಿದ್ರಿ, ಅದನ್ನ ಬರೀ ಡಿಸ್ಟಿಲ್ಡ್ ವಾಟರ್ ಹಾಕಿದ ಗಾಜಿನ ಬಾಟಲಲ್ಲಿ ಬಿಸಿ ಜಾಗದಲ್ಲಿ ಇಟ್ಟಿದ್ದೆ, ಮಂಜಾಯ್ತು, ಹೊರಗೆ ತೆಗೆದು ಫ್ಯಾನ್ ಗಾಳಿಗೆ ಬಿಟ್ಟೆ, ನಿಧಾನಕ್ಕೆ ತಿಳಿ ಆಯ್ತು. ಲೂಪಿಂದ ಕಟ್ ಮಾಡಿದ ತುಂಡನ್ನೂ (ನಿಮ್ಮ ಟೆಕ್ನಿಷಿಯನ್ ಹೇಳಿದ ಮೇಲೇನೇ ಡ್ರೇನ್ ಮಾಡಿ ಕಟ್ ಮಾಡಿದ್ದು) ಪಕ್ಕದಲ್ಲೇ ಒಣಗಿಸಿದೆ, ಅದು ಹಾಗೇ ಇದೆ. ಒಳಗೆ ಇಯರ್ ಬಡ್ ಹಾಕಿ ತಿರುಗ್ಸಿದ್ರೆ ಅಂಟಂಟಾಗಿ ಬಿಳಿ ಪದರ ಕಿತ್ತು ಬರುತ್ತೆ, ಒರ್ಸಿದ ಜಾಗ ಮಾತ್ರ ತಿಳಿಯಾಗಿ ಕಾಣುತ್ತೆ. ಇನ್ನೊಂದು, ಬಗ್ಗಿಸಿ ನೋಡಿ, ಹೊಸ ತುಂಡು ಮೆತ್ತಗೆ ಬಗ್ಗುತ್ತೆ, ಲೂಪಿಂದು ಬಿರುಸಾಗಿದೆ. ಎರಡರ ವಿಡಿಯೋನೂ ಕಳ್ಸಿದ್ದೀನಿ.

ಬಿರುಸಾಗಿದ್ದು ಯಾಕೆ ಅನ್ನೋದೇ ಇಡೀ ಕಥೆ ಸರ್. ಈ ಕ್ಲಿಯರ್ ಟ್ಯೂಬು ಪಿವಿಸಿದು. ಪಿವಿಸಿ ಅನ್ನೋದು ಹುಟ್ಟಾ ಗಟ್ಟಿ ವಸ್ತು, ನಮ್ಮನೆ ಪ್ಲಂಬಿಂಗ್ ಪೈಪೂ ಅದೇ. ಅದನ್ನ ಮೆತ್ತಗೆ ಮಾಡೋಕೆ ಪ್ಲಾಸ್ಟಿಸೈಸರ್ ಅಂತ ಎಣ್ಣೆ ಥರದ ಕೆಮಿಕಲ್ ಬೆರೆಸ್ತಾರೆ, ಮೆತ್ತನೆ ಟ್ಯೂಬಲ್ಲಿ ತೂಕದ ಮೂರನೇ ಒಂದು ಪಾಲು ಅದೇ ಇರೋದು ಸಾಮಾನ್ಯ. ಅದು ಪಿವಿಸಿಗೆ ಗಟ್ಟಿಯಾಗಿ ಅಂಟ್ಕೊಂಡಿರಲ್ಲ, ಸುಮ್ನೆ ಮಧ್ಯದಲ್ಲಿ ಸೇರ್ಕೊಂಡಿರುತ್ತೆ ಅಷ್ಟೇ, ಹಂಗಾಗಿ ಬಿಸಿ ಕೂಲಂಟ್ ಹರೀತಾ ಹರೀತಾ ಸ್ವಲ್ಪ ಸ್ವಲ್ಪ ಹೊರಗೆ ಬರುತ್ತೆ. ಒಂದಿಷ್ಟು ಟ್ಯೂಬ್ ಗೋಡೆಗೆ ಮಂಜಾಗಿ ಕೂರುತ್ತೆ, ಉಳಿದಿದ್ದು ಹೋಗಿ ಬ್ಲಾಕ್ ಫಿನ್‌ನಲ್ಲಿ ಸಿಕ್ಕೊಳ್ಳುತ್ತೆ. ಬಿಸಿ ಜಾಸ್ತಿ ಆದಷ್ಟೂ ಇದು ಜೋರು. ಲೋಡಲ್ಲಿ ನೀರು ರೂಮಿಗಿಂತ 10ರಿಂದ 15 ಡಿಗ್ರಿ ಮೇಲೆ ಇರುತ್ತೆ, ನಮ್ಮ ರೂಮೇ 36 ಇದ್ರೆ ನೀರು 50 ಹತ್ರ, ಪಂಪಿನ ಲಿಮಿಟ್ 60, ಅಂದ್ರೆ ಪಂಪಿಗೆ ತೊಂದ್ರೆ ಇಲ್ಲ, ಆದ್ರೆ ಅಗ್ಗದ ಪಿವಿಸಿ ಟ್ಯೂಬಿಗೆ ಇದು ಆಗದ ಮಾತು. ಬೆಂಗಳೂರಲ್ಲಿ ಎಸಿ ಇರೋ ಶೋರೂಮಲ್ಲಿ ಡೆಮೊ ಪೀಸ್ ವರ್ಷಗಟ್ಟಲೆ ತಿಳಿಯಾಗಿ ಇದ್ರೂ ಇರ್ಬಹುದು, ನಮ್ಮ ಕಡೆ ಇರಲ್ಲ. ಊರು ಯಾವುದು ಅಂತ ಮೊದಲೇ ಹೇಳಿದ್ದೆ.

ಇದ್ರ ಮೇಲೆ ಪ್ಯಾಸ್ಟಲ್. ಈ ಹಾಲಿನ ಥರ ಕಾಣೋ ಕೂಲಂಟಲ್ಲಿ ಬಣ್ಣಕ್ಕೆ ಅಂತ ಸಣ್ಣ ಸಣ್ಣ ಘನ ಕಣಗಳನ್ನ ತೇಲಿ ಬಿಟ್ಟಿರ್ತಾರೆ, ಕರಗಿರೋದಲ್ಲ. ಲೂಪಲ್ಲಿ ಬೇರೆ ಏನಾದ್ರೂ ಕೆಮಿಕಲ್ ಸೇರಿದ್ರೆ, ಹೊಸ ರೇಡಿಯೇಟರ್ ಸರಿಯಾಗಿ ತೊಳೀದೆ ಬೆಸುಗೆ ಫ್ಲಕ್ಸ್ ಉಳಿದಿದ್ರೆ, ಆ ಕಣಗಳು ಗುಂಪು ಕಟ್ಟಿ ಕೆಳಗೆ ಕೂರುತ್ತೆ. ರಿಸರ್ವಾಯರ್ ತಳದಲ್ಲಿ ಬಿಳಿ ಗಷ್ಟು, ಮೇಲೆ ಅಕ್ಕಿ ತೊಳೆದ ನೀರಿನ ಥರ ತೆಳು, ಇದು ನನ್ನ ಫೋಟೋ ನಂಬರ್ 4. ಶೋಗೆ ಮಾತ್ರ, ದಿನಾ ಓಡೋ ಮಿಷಿನ್‌ಗೆ ಬೇಡ ಅಂತ ತಯಾರಕರೇ ಹೇಳೋ ಕೂಲಂಟ್‌ಗಳೂ ಇವೆ. ನೀವು ಹಾಕಿದ್ದು ಯಾವ ಕಂಪನಿದು ಅಂತ ಬಿಲ್ಲಲ್ಲಿ "ವೈಟ್ ಲಿಕ್ವಿಡ್ 1 ಲೀಟರ್" ಅಂತ ಅಷ್ಟೇ ಇದೆ, ಹಂಗಾಗಿ ನಾನು ಡೇಟಾ ಶೀಟ್ ಓದೋಕೂ ಆಗ್ಲಿಲ್ಲ. ಅಸೆಂಬ್ಲಿಗೆ ಮುಂಚೆ ರೇಡಿಯೇಟರ್ ಬಿಸಿ ಡಿಸ್ಟಿಲ್ಡ್ ನೀರಲ್ಲಿ ಫ್ಲಶ್ ಮಾಡಿದ್ರಾ ಇಲ್ವಾ ಅಂತ ಕೇಳಿದ್ದೆ, ಅದಕ್ಕೆ ಥಂಬ್ಸ್ ಅಪ್ ಇಮೋಜಿ ಕಳ್ಸಿದ್ದಾರೆ. ಅದು ಹೌದು ಅಂತನೋ ಮೆಸೇಜ್ ನೋಡಿದ್ವಿ ಅಂತನೋ.

ಕೊನೆಗೆ ಮೂರನೇ ಕಾರಣ, ನಂಗೆ ನಿಜಕ್ಕೂ ಸಿಟ್ಟು ಬಂದಿದ್ದು ಇದಕ್ಕೆ. "ಕಸ್ಟಮರ್ ಬೇರೆ ನೀರು ಹಾಕಿದ್ದಾರೆ" ಅಂತ ಟಿಕೆಟಲ್ಲಿ ಬರ್ದಿದ್ದೀರಿ. ರಿಸರ್ವಾಯರ್ ಲೆವೆಲ್ ಸ್ವಲ್ಪ ಇಳಿದಾಗ ನಾನು ಕೇಳಿದ್ದಕ್ಕೆ ನಿಮ್ಮ ಸಪೋರ್ಟ್ ನಂಬರಿಂದನೇ "ಮನೇಲಿ ಆರ್‌ಓ ನೀರು ಇದ್ರೆ ಟಾಪ್ ಅಪ್ ಮಾಡಿ" ಅಂತ ಮೆಸೇಜ್ ಬಂದಿದೆ. ನಾನು ಹಾಕಿಲ್ಲ. ಆರ್‌ಓ ನೀರಲ್ಲಿ ಉಪ್ಪಿನಂಶ ಕಮ್ಮಿ ಆಗಿರುತ್ತೆ ಹೊರತು ಪೂರ್ತಿ ಹೋಗಿರಲ್ಲ, ನಿಮ್ಮ ಮನೇಲೂ ಟಿಡಿಎಸ್ ಮೀಟರ್ ಅದ್ದಿ ನೋಡಿ ಬೇಕಾದ್ರೆ. ನಾನು ತಂದಿದ್ದು ಮೆಡಿಕಲ್ ಶಾಪಿಂದ ಸೀಲ್ ಇದ್ದ ಡಿಸ್ಟಿಲ್ಡ್ ವಾಟರ್, ಬಿಲ್ ಇದೆ. ಇನ್ವರ್ಟರ್ ಬ್ಯಾಟರಿ ಕ್ಯಾನ್ ಕೂಡ ತಂದಿಲ್ಲ, ಅದ್ರಲ್ಲಿ ಎಷ್ಟೋ ಬ್ರ್ಯಾಂಡ್ ಡಿಸ್ಟಿಲ್ ಮಾಡಿದ್ದಲ್ಲ, ಬರೀ ಖನಿಜ ತೆಗೆದ ಡಿಎಂ ವಾಟರ್. ಅಂದ್ರೆ ತಪ್ಪು ನೀರು ಹೇಳಿದ್ದು ನೀವು, ಹಾಕ್ದೇ ಇದ್ದಿದ್ದು ನಾನು, ವಾರಂಟಿ ಹೋಗಿದ್ದು ಮಾತ್ರ ನಂದು.

ಈಗ ನಿಮ್ಮ ಆಫರ್. ದುಡ್ಡು ಕೊಟ್ರೆ ಪಿಇಟಿಜಿ ಹಾರ್ಡ್ ಟ್ಯೂಬಿಗೆ ಅಪ್‌ಗ್ರೇಡ್ ಅಂತ. ಹಾರ್ಡ್ ಟ್ಯೂಬಲ್ಲಿ ಆ ಎಣ್ಣೆ ಪ್ರಾಬ್ಲಂ ಇಲ್ಲ, ನಿಜ. ಆದ್ರೆ ಪಿಇಟಿಜಿ ಬಿಸಿಗೆ ಬೇಗ ಮೆತ್ತಗಾಗೋ ಪ್ಲಾಸ್ಟಿಕ್, ಅಕ್ರಿಲಿಕ್ ಇದ್ರಲ್ಲಿ ಎಷ್ಟೋ ವಾಸಿ, ಪಂಪ್ ಒಂದು ದಿನ ನಿಂತು ನೀರು ಕಾದ್ರೆ ಫಿಟ್ಟಿಂಗ್ ಹತ್ರ ಟ್ಯೂಬ್ ಜಗ್ಗಿ ಗ್ರಾಫಿಕ್ಸ್ ಕಾರ್ಡ್ ಮೇಲೆ ಸುರೀಬಹುದು, ರಾತ್ರಿ ರೆಂಡರ್ ಹಾಕಿ ಮಲಗೋನಿಗೆ ಅದು ಬೇಡ. ನಂಗೆ ಬೇಕಿರೋದು ಕಪ್ಪು ಇಪಿಡಿಎಂ ರಬ್ಬರ್ ಟ್ಯೂಬ್. ಮೆತ್ತಗೇ ಇರುತ್ತೆ, ಪಿವಿಸಿ ಥರ ಪ್ಲಾಸ್ಟಿಸೈಸರ್ ಬಿಟ್ಕೊಂಡು ಬ್ಲಾಕ್ ಕಟ್ಟಿಸಲ್ಲ, ಬೆಳಕು ಒಳಗೆ ಹೋಗಲ್ಲ ಅಂದ್ಮೇಲೆ ಪಾಚಿಗೂ ಅವಕಾಶ ಕಮ್ಮಿ. ವಾಟರ್ ಕೂಲಿಂಗ್ ಸಾಮಾನು ಮಾಡೋ ಇಕೆ ಕಂಪನಿದು ಜೆಡ್‌ಎಂಟಿ ಅಂತ ಬರುತ್ತೆ, ಅದರ ಪೂರ್ತಿ ಹೆಸರೇ ಝೀರೋ ಮೇಂಟೆನೆನ್ಸ್ ಟ್ಯೂಬಿಂಗ್. ನಿಮ್ಮವ್ರು "ಸರ್ ಬ್ಲ್ಯಾಕ್ ಹಾಕಿದ್ರೆ ಆರ್‌ಜಿಬಿ ಕಾಣಲ್ಲ" ಅಂದ್ರು. ನನ್ನ ಕ್ಲೈಂಟ್ ನೋಡೋದು ಮದುವೆ ವಿಡಿಯೋ, ನನ್ನ ಟ್ಯೂಬನ್ನಲ್ಲ.

ಹಂಗಾಗಿ ನಾನು ಕೇಳ್ತಿರೋದು ಇಷ್ಟು. ನಿಮ್ಮ ಖರ್ಚಲ್ಲಿ ಟ್ಯೂಬ್ ಪೂರ್ತಿ ಬದಲಾಯಿಸಿ ಇಪಿಡಿಎಂ ಹಾಕ್ಬೇಕು, ಬ್ಲಾಕ್ ಬಿಚ್ಚಿ ಫಿನ್ ಕ್ಲೀನ್ ಮಾಡ್ಬೇಕು, ಅಕ್ರಿಲಿಕ್ ಭಾಗಕ್ಕೆ ಐಸೊಪ್ರೊಪೈಲ್ ಆಲ್ಕೋಹಾಲ್ ಮುಟ್ಟಿಸ್ಬಾರ್ದು, ಅದ್ರಿಂದ ಅಕ್ರಿಲಿಕ್ ಬಿರುಕು ಬಿಡುತ್ತೆ, ನಿಕಲ್ ಎದ್ದಿದ್ರೆ ಬ್ಲಾಕೇ ಬದಲಾಯಿಸ್ಬೇಕು. ರೇಡಿಯೇಟರ್ ಪಂಪ್ ರಿಸರ್ವಾಯರ್ ಎಲ್ಲಾ ಫ್ಲಶ್ ಮಾಡಿ, ಬರ್ತಿರೋ ನೀರು ತಿಳಿ ಆಗೋವರೆಗೂ. ಆಮೇಲೆ ಬಣ್ಣ ಇಲ್ಲದ ಕ್ಲಿಯರ್ ಕೂಲಂಟ್, ತುಕ್ಕು ತಡೆಯೋ ಇನ್‌ಹಿಬಿಟರ್ ಮತ್ತೆ ಬಯೋಸೈಡ್ ಎರಡೂ ಇರೋದು, ಕಂಪನಿ ಹೆಸರು ಬಿಲ್ಲಲ್ಲಿ ಬರ್ದು. ಅದನ್ನ ವರ್ಷಕ್ಕೊಂದ್ಸಲ ಬದಲಾಯ್ಸೋದು ನನ್ನ ಜವಾಬ್ದಾರಿ, ಅದಕ್ಕೆ ನಾನು ದುಡ್ಡು ಕೇಳಲ್ಲ. ಇಷ್ಟು ಮಾಡೋಕಾಗಲ್ಲ ಅಂದ್ರೆ ಕೂಲಿಂಗ್ ಭಾಗದ ಪೂರ್ತಿ ದುಡ್ಡು ವಾಪಸ್ ಕೊಡಿ, ನಾನು ಒಳ್ಳೆ ಏರ್ ಕೂಲರ್ ಹಾಕ್ಸ್ಕೊಂಡು ಸುಮ್ನಿರ್ತೀನಿ.

ಇನ್ನೊಂದು ಮಾತು. ನಿಮ್ಮ ಲಾಸ್ಟ್ ಕಾಲಲ್ಲಿ "ಕಮರ್ಷಿಯಲ್ ಯೂಸ್ ಆದ್ರಿಂದ ಗ್ರಾಹಕ ಕಾನೂನು ಅನ್ವಯ ಆಗಲ್ಲ" ಅಂತ ಒಬ್ರು ಹೇಳಿದ್ರು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ತೆಗೆದು ನೋಡಿ, ಸ್ವಂತ ದುಡಿಮೆಯಿಂದ ಹೊಟ್ಟೆಪಾಡಿಗೆ ಅಂತ ತಗೊಂಡು ತಾನೇ ಬಳಸೋನು ಗ್ರಾಹಕನೇ. ನಮ್ಮಲ್ಲಿ ಕೆಲಸದೋರು ಯಾರಿಲ್ಲ, ನಾನೊಬ್ನೇ. ಆನ್‌ಲೈನ್ ಮಾರಾಟಕ್ಕೆ 2020ರ ಇ-ಕಾಮರ್ಸ್ ನಿಯಮನೂ ಇದೆ, ಗ್ರೀವೆನ್ಸ್ ಆಫೀಸರ್ 48 ಗಂಟೆಯಲ್ಲಿ ದೂರು ಬಂತು ಅಂತ ಹೇಳ್ಬೇಕು, ಒಂದು ತಿಂಗಳಲ್ಲಿ ಬಗೆಹರಿಸ್ಬೇಕು. ಆಗ್ಲಿಲ್ಲ ಅಂದ್ರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡ್ತೀನಿ, ಅಲ್ಲೂ ಆಗ್ಲಿಲ್ಲ ಅಂದ್ರೆ ಇಲ್ಲೇ ದಾವಣಗೆರೆ ಜಿಲ್ಲಾ ಗ್ರಾಹಕರ ಆಯೋಗದಲ್ಲಿ ಕೇಸ್ ಹಾಕ್ತೀನಿ. ನಾನಿರೋ ಊರಲ್ಲೇ ಹಾಕ್ಬಹುದು, ಬೆಂಗಳೂರಿಗೆ ಬರ್ಬೇಕಾಗಿಲ್ಲ, ಕೊಟ್ಟ ಬೆಲೆ 5 ಲಕ್ಷದವರೆಗೆ ಇದ್ರೆ ಫೀಸೂ ಇಲ್ಲ. ಜಗಳ ಆಡೋ ಆಸೆ ನಂಗಿಲ್ಲ, ಸೀಸನ್ ಮಧ್ಯ ಅದಕ್ಕೆ ಟೈಮೂ ಇಲ್ಲ, ಆದ್ರೆ ಬಿಡೋದೂ ಇಲ್ಲ.

ಟ್ಯೂಬಿನ ಎರಡು ತುಂಡು, ರಿಸರ್ವಾಯರಿಂದ ತೆಗೆದ ಕೂಲಂಟ್ ಒಂದು ಬಾಟಲಲ್ಲಿ, ಎರಡನ್ನೂ ಎತ್ತಿಟ್ಟಿದ್ದೀನಿ, ಬೇಕಂದ್ರೆ ನಿಮ್ಮವ್ರ ಎದುರಿಗೇ ಸೀಲ್ ಮಾಡಿ ಕೊಡ್ತೀನಿ. ಮಿಷಿನ್ ಕೊರಿಯರಲ್ಲಿ ಕಳ್ಸಿ ಅಂತ ಮಾತ್ರ ಹೇಳ್ಬೇಡಿ, ಕಳೆದ ಸಲ ಬಂದಾಗ್ಲೇ ಕೇಸ್ ಮೂಲೆ ನೆಗ್ಗಿತ್ತು. ಮನುಷ್ಯರನ್ನ ಕಳ್ಸಿ, ಬರೋ ಹಿಂದಿನ ದಿನ ಫೋನ್ ಮಾಡಿ, ಮದುವೆ ಇರೋ ದಿನ ಬಿಟ್ಟು ಬೇರೆ ಯಾವತ್ತಾದ್ರೂ ಸರಿ.

ಇಂತಿ,
ನಿಮ್ಮ ಗ್ರಾಹಕ,
ದಾವಣಗೆರೆ

(ಲಗತ್ತು: ಬಿಲ್, ವಾಟ್ಸಾಪ್ ಸ್ಕ್ರೀನ್‌ಶಾಟ್‌ಗಳು, ಮೆಡಿಕಲ್ ಶಾಪ್ ಬಿಲ್, ಟ್ಯೂಬ್ ಮತ್ತು ಬ್ಲಾಕ್ ಫೋಟೋಗಳು, ವಿಡಿಯೋಗಳು)